ಮೆಮೊರಿಗಾಗಿ ವಿಂಡೋಸ್ ಬದಲಿಸಬೇಕೆ? ಪಸ್ತಾಪುರ ಸೀಮೆಯ ಕನ್ನಡಿಗರಿಗೊಂದು ಪತ್ರ

ತೆಲಂಗಾಣದ ಪಸ್ತಾಪುರ, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಸಾಗಿಸುತ್ತಿರುವ ಅಣ್ಣತಮ್ಮಂದಿರೆ, ಅಕ್ಕತಂಗಿಯರೆ,

“4 ಜಿಬಿ ಅಂತ ರೊಕ್ಕ ಕೊಟ್ಟು ಮೆಮೊರಿ ಹಾಕ್ಸೀನ್ರಿ, ಲ್ಯಾಪ್‌ಟಾಪ್ ಮೂರೇ ತೋರಸ್ಲಿಕ್ಕತ್ತದ. ವಿಂಡೋಸ್ ಬದ್ಲಿ ಮಾಡಿದ್ರ ಪೂರಾ ಬರ್ತದೇನು?” ನಿಮ್ಮ ಸೀಮೆಯಿಂದ ಮೇಲಿಂದ ಮೇಲೆ ಬರುವ ಪ್ರಶ್ನೆ ಇದು. ಒಂದು ಅಂಗಡಿಯವರು ಬದಲಿಸಿ ಅನ್ನುತ್ತಾರೆ. ಇನ್ನೊಬ್ಬರು ಇದು ಬೇಕಾರ್ ಆಗ್ಯಾದ, ಹೊಸಾದು ತಗೋರಿ ಅನ್ನುತ್ತಾರೆ. ಅದರಲ್ಲಿರುವ ಕನ್ನಡದ ಕಡತಗಳ ಗತಿ ಏನು ಎಂದು ಇಬ್ಬರೂ ಕೇಳುವುದಿಲ್ಲ. ಆ ಮಾತು ಎತ್ತಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬರೆಯುವುದು, ಅಚ್ಚು ಹಾಕುವುದು, ಲೆಕ್ಕ ಇಡುವುದು, ಧ್ವನಿ ಮುದ್ರಿಸುವುದು ಇಷ್ಟೇ ಕೆಲಸವಿದ್ದರೆ, ಮೆಮೊರಿಯ ಕಾರಣಕ್ಕೆ ಮಾತ್ರ 32-ಬಿಟ್ ವಿಂಡೋಸನ್ನು 64-ಬಿಟ್‌ಗೆ ಬದಲಿಸಬೇಕಿಲ್ಲ. ವಿಡಿಯೊ ಎಡಿಟ್ ಮಾಡುವವರು ಬದಲಿಸಲೇಬೇಕು. ಹಾಗೆ ಬದಲಿಸುವಾಗ ಯಂತ್ರದಲ್ಲಿ ಕನಿಷ್ಠ 8 ಜಿಬಿ ಇರಬೇಕು. ಇಬ್ಬರೂ ಮೊದಲು ಮಾಡಬೇಕಾದದ್ದು ಒಂದೇ: ಹಳೇ ಕನ್ನಡ ಕಡತಗಳನ್ನು ಯೂನಿಕೋಡಿಗೆ ತಂದು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು.

ಮೂರೇ ಜಿಬಿ ಏಕೆ ಕಾಣುತ್ತದೆ ಅನ್ನುವುದನ್ನು ನೋಡೋಣ. ಮೆಮೊರಿಯ ಒಂದೊಂದು ಬೈಟಿಗೂ ಒಂದು ವಿಳಾಸ ಬೇಕು. 32-ಬಿಟ್ ವ್ಯವಸ್ಥೆಯಲ್ಲಿ ಆ ವಿಳಾಸಕ್ಕೆ 32 ಮನೆಗಳಿವೆ, ಒಂದೊಂದರಲ್ಲೂ ಸೊನ್ನೆ ಅಥವಾ ಒಂದು. ಎರಡನ್ನು ಮೂವತ್ತೆರಡು ಸಲ ಗುಣಿಸಿದರೆ 4,29,49,67,296. ಒಟ್ಟು ವಿಳಾಸಗಳು ಅಷ್ಟೇ, ಅಂದರೆ 4 ಜಿಬಿ. ಪರದೆಯ ಗ್ರಾಫಿಕ್ಸ್, ವೈಫೈ, ಯುಎಸ್‌ಬಿಯಂಥ ಸಾಧನಗಳಿಗೂ ಇದರೊಳಗಿಂದಲೇ ವಿಳಾಸ ಹಂಚಬೇಕು. ಅವುಗಳ ಪಾಲು ಕಳೆದರೆ ನಿಮಗೆ ಉಳಿಯುವುದು ಸುಮಾರು 3ರಿಂದ 3.5 ಜಿಬಿ. ಹಾಕಿಸಿದ ಮೆಮೊರಿ ಕೆಟ್ಟಿಲ್ಲ, ಅಂಗಡಿಯವರು ಮೋಸವನ್ನೂ ಮಾಡಿಲ್ಲ. ಉಳಿದ ಭಾಗಕ್ಕೆ ವಿಳಾಸ ಸಿಕ್ಕಿಲ್ಲ, ಅಷ್ಟೆ. 64-ಬಿಟ್ ವ್ಯವಸ್ಥೆಯಲ್ಲಿ ಈ ಅಭಾವವಿಲ್ಲ.

ಇಷ್ಟು ಕೇಳಿದವರು ಹಾಗಾದರೆ ಬದಲಿಸಿಬಿಡೋಣ ಅನ್ನುತ್ತಾರೆ. ಆದರೆ 64-ಬಿಟ್ ವಿಂಡೋಸ್ ತಾನೇ ಹೆಚ್ಚು ಮೆಮೊರಿ ತಿನ್ನುತ್ತದೆ. ವಿಳಾಸ ಉದ್ದವಾದಷ್ಟೂ ಅದನ್ನು ಬರೆದಿಡುವ ಜಾಗವೂ ಹೆಚ್ಚು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಹೇಳಿದ ಕನಿಷ್ಠ ಮೆಮೊರಿ 32-ಬಿಟ್‌ಗೆ 1 ಜಿಬಿ, 64-ಬಿಟ್‌ಗೆ 2 ಜಿಬಿ. ಹೀಗಾಗಿ 2 ಜಿಬಿ ಮಾತ್ರ ಇರುವ ಯಂತ್ರವನ್ನು 64-ಬಿಟ್ ಮಾಡಿದರೆ ಅದು ಇನ್ನಷ್ಟು ನಿಧಾನವಾಗುತ್ತದೆ. 4 ಜಿಬಿ ಇದ್ದರೆ ಹೊಸದಾಗಿ ವಿಳಾಸ ಸಿಕ್ಕ ಅರ್ಧದಿಂದ ಒಂದು ಜಿಬಿಯಲ್ಲಿ ಬಹುಪಾಲನ್ನು ವ್ಯವಸ್ಥೆಯೇ ನುಂಗುತ್ತದೆ. ನಿಜವಾದ ಲಾಭ ಕಾಣಬೇಕಾದರೆ ವ್ಯವಸ್ಥೆ ಬದಲಿಸುವುದರ ಜೊತೆಗೆ ಮೆಮೊರಿಯನ್ನೂ 8 ಜಿಬಿಗೆ ಏರಿಸಬೇಕು.

ಏರಿಸಲು ಯಂತ್ರ ಒಪ್ಪುತ್ತದೆಯೇ ಎಂದು ನಿಮ್ಮ ಮನೆಯಲ್ಲೇ ನೋಡಿಕೊಳ್ಳಬಹುದು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ತೆರೆಯಿರಿ. ಆಪರೇಟಿಂಗ್ ಸಿಸ್ಟಮ್ 32-ಬಿಟ್, ಪ್ರೊಸೆಸರ್ ಎಕ್ಸ್64 ಎಂದಿದ್ದರೆ ದಾರಿ ತೆರೆದಿದೆ. ಪ್ರೊಸೆಸರೇ 32-ಬಿಟ್ ಆಗಿದ್ದರೆ ಮಾತು ಅಲ್ಲಿಗೆ ಮುಗಿಯಿತು. 2008ರ ಸುಮಾರಿಗೆ ಬಂದ ಪುಟ್ಟ ನೆಟ್‌ಬುಕ್‌ಗಳ ಆಟಮ್ ಎನ್270 ಅಂಥದು. ಅದರ ನಂತರದ ಎನ್450 64-ಬಿಟ್ ಆದರೂ 2 ಜಿಬಿಗಿಂತ ಹೆಚ್ಚು ಮೆಮೊರಿ ಒಪ್ಪುವುದಿಲ್ಲ. ಇಂಟೆಲ್ 945 ಚಿಪ್‌ಸೆಟ್ಟಿನ ಹಳೇ ಲ್ಯಾಪ್‌ಟಾಪ್‌ಗಳಲ್ಲಿ 64-ಬಿಟ್ ಪ್ರೊಸೆಸರ್ ಇದ್ದರೂ ಮೂರು ಚಿಲ್ಲರೆ ಜಿಬಿಯ ಮೇಲೆ ಹೋಗಲಾಗದು, ಏಕೆಂದರೆ ಅಲ್ಲಿ ಮಿತಿ ಚಿಪ್‌ಸೆಟ್ಟಿನದು. ಕೆಲವು ಕಡೆ ವಿಂಡೋಸಿನ ಆವೃತ್ತಿಯೇ ಅಡ್ಡ ಬರುತ್ತದೆ. ವಿಂಡೋಸ್ 7 ಸ್ಟಾರ್ಟರ್ 2 ಜಿಬಿಗಿಂತ ಹೆಚ್ಚಿನದನ್ನು ಮುಟ್ಟುವುದೇ ಇಲ್ಲ. ವಿಂಡೋಸ್ 10 ಇದ್ದವರು ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ, ಎಷ್ಟು ಜಾಗ ಹಾರ್ಡ್‌ವೇರಿಗೆ ಹೋಗಿದೆ ಎಲ್ಲವೂ ಕಾಣುತ್ತದೆ.

ಅದೇ ಪುಟವನ್ನು ತೆರೆದಿಟ್ಟುಕೊಂಡು ಒಂದು ದಿನ ನಿಮ್ಮ ಕೆಲಸ ಮಾಡಿ ನೋಡಿ. ದಿನದ ಯಾವ ಹೊತ್ತಿನಲ್ಲೂ ಮೆಮೊರಿ ಪೂರ್ತಿ ತುಂಬದಿದ್ದರೆ ನಿಮ್ಮ ಯಂತ್ರ ನಿಧಾನವಾಗಿರುವುದು ಮೆಮೊರಿಯಿಂದಲ್ಲ. ಬಹಳ ಕಡೆ ಕಾರಣ ತಿರುಗುವ ಹಳೇ ಹಾರ್ಡ್‌ಡಿಸ್ಕ್. ಅದನ್ನು ತೆಗೆದು ಸಣ್ಣದೊಂದು ಎಸ್‌ಎಸ್‌ಡಿ ಹಾಕಿದರೆ 32-ಬಿಟ್ ವಿಂಡೋಸೇ ಹೊಸ ಜೀವ ಬಂದಂತೆ ಓಡುತ್ತದೆ. ಇದ್ದ ರೊಕ್ಕದಲ್ಲಿ ಒಂದನ್ನೇ ಕೊಳ್ಳಬೇಕು ಅನ್ನುವವರಿಗೆ ನಾನು ಎಸ್‌ಎಸ್‌ಡಿಯನ್ನೇ ಹೇಳುತ್ತೇನೆ.

ಇನ್ನು ಕನ್ನಡದ ವಿಷಯ. ಬೆಂಗಳೂರು, ಧಾರವಾಡಗಳಲ್ಲಿ ಒಂದು ಕನ್ನಡ ಸಾಫ್ಟ್‌ವೇರ್ ಕೈಕೊಟ್ಟರೆ ಪಕ್ಕದ ಅಂಗಡಿಯಲ್ಲಿ ಕೇಳುವವರಿದ್ದಾರೆ. ನಿಮ್ಮಲ್ಲಿ ಆ ಅನುಕೂಲವಿಲ್ಲ. ಕಾರಣ ಗಡಿ. ಜಹೀರಾಬಾದ್, ನಾರಾಯಣಖೇಡ ಸೀಮೆ ಹಿಂದೆ ಬೀದರ ಜಿಲ್ಲೆಯಲ್ಲಿತ್ತು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರ ರಾಜ್ಯ ಮರುವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶಕ್ಕೆ ಹೋದವು, 2014ರಿಂದ ತೆಲಂಗಾಣದಲ್ಲಿವೆ. ಜಹೀರಾಬಾದಿನಿಂದ ಬೀದರ ಮೂವತ್ತು ಕಿಲೋಮೀಟರಿನ ಆಸುಪಾಸು, ಆದರೂ ಕಂಪ್ಯೂಟರ್ ರಿಪೇರಿಗೆ ನೀವು ಹೋಗುವುದು ನೂರು ಕಿಲೋಮೀಟರಿನಾಚೆಯ ಹೈದರಾಬಾದಿಗೆ. ಅಲ್ಲಿನ ಮೆಕಾನಿಕ್‌ಗೆ ನಿಮ್ಮ ನುಡಿ ಫಾಂಟ್ ಎಂದರೆ ಏನೆಂದು ಗೊತ್ತಿರಬೇಕಿಲ್ಲ. ಸಿ ಡ್ರೈವ್ ಒರೆಸಿ ಹೊಸ ವಿಂಡೋಸ್ ಹಾಕಿ ಕೊಟ್ಟರೆ ಅವನ ಲೆಕ್ಕದಲ್ಲಿ ಕೆಲಸ ಪೂರ್ತಿಯಾಯಿತು.

ಒರೆಸುವುದು ಅನಿವಾರ್ಯವೂ ಹೌದು. 32-ಬಿಟ್ ವಿಂಡೋಸಿನ ಮೇಲೆಯೇ 64-ಬಿಟ್ ಕೂರುವುದಿಲ್ಲ. ಹಳೆಯದನ್ನು ಪೂರಾ ತೆಗೆದು ಮೊದಲಿಂದ ಹಾಕಬೇಕು. ಡೆಸ್ಕ್‌ಟಾಪ್ ಮೇಲಿದ್ದದ್ದು, ಮೈ ಡಾಕ್ಯುಮೆಂಟ್ಸ್‌ನಲ್ಲಿದ್ದದ್ದು, ಎಲ್ಲಕ್ಕಿಂತ ಮುಖ್ಯವಾಗಿ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಲ್ಲಿದ್ದ ಕನ್ನಡ ಫಾಂಟುಗಳು ಎಲ್ಲವೂ ಹೋಗುತ್ತವೆ. ಕಡತಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ ಎಂದು ನಿಶ್ಚಿಂತರಾಗಿರುವವರು ಹೆಚ್ಚಾಗಿ ಮರೆಯುವುದು ಈ ಫಾಂಟುಗಳನ್ನೇ.

ಫಾಂಟ್ ಹೋದರೆ ಕಡತವೂ ಹೋದಂತೆಯೇ. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಶೇಷಾದ್ರಿ ವಾಸು ಹೊರತಂದ ಬರಹ, ಅಚ್ಚಿನ ಮನೆಗಳ ಶ್ರೀಲಿಪಿ, ಇವುಗಳ ಹಳೇ ಪದ್ಧತಿಯಲ್ಲಿ ಬರೆದ ಕಡತದೊಳಗೆ ಕನ್ನಡ ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆಂದು ಇದ್ದ ಜಾಗಗಳಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿರುತ್ತಾರೆ. ತಲಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ಆ ಫಾಂಟ್ ಇದ್ದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ, ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಒಂದು ಪದ್ಧತಿಯ ಕಡತವನ್ನು ಇನ್ನೊಂದು ಪದ್ಧತಿಯ ಫಾಂಟಿನಲ್ಲಿ ತೆರೆದರೂ ಓದಲು ಬರುವುದಿಲ್ಲ. ಯೂನಿಕೋಡಿನಲ್ಲಿ ಹಾಗಿಲ್ಲ. ಅಲ್ಲಿ ಕನ್ನಡಕ್ಕೇ ಮೀಸಲಾದ ಜಾಗವಿದೆ. ಯಾವ ಯಂತ್ರದಲ್ಲಿ, ಯಾವ ಫೋನಿನಲ್ಲಿ ತೆರೆದರೂ ‘ಕ’ ಎಂಬುದು ‘ಕ’ ಆಗಿಯೇ ಇರುತ್ತದೆ.

ನಿಮ್ಮ ಸೀಮೆಯ ಅಚ್ಚಿನ ಅಂಗಡಿಯ ತೊಡಕು ಇನ್ನೂ ದೊಡ್ಡದು. ಒಂದೇ ಯಂತ್ರದಲ್ಲಿ ಕನ್ನಡಕ್ಕೆ ನುಡಿ, ತೆಲುಗಿಗೆ ಅನು ಸ್ಕ್ರಿಪ್ಟ್, ಉರ್ದುವಿಗೆ ಇನ್‌ಪೇಜ್, ಮೂರನ್ನೂ ಕೂಡಿಸಿ ಪುಟ ಕಟ್ಟಲು 2001ರ ಪೇಜ್‌ಮೇಕರ್ 7. ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಯ ಕರಪತ್ರಕ್ಕೆ, ಲಗ್ನಪತ್ರಿಕೆಗೆ, ಭಜನೆಯ ಪುಸ್ತಕಕ್ಕೆ ಈ ಎಲ್ಲವೂ ಬೇಕು. ಇಷ್ಟು ಲಿಪಿಗಳನ್ನು ಒಟ್ಟಿಗೆ ದುಡಿಸುವ ಕೈಗಳು ಕರ್ನಾಟಕದ ಒಳಗೂ ಕಡಿಮೆ. ಈ ಜೋಡಣೆಯಲ್ಲಿ ಒಂದು ಕೊಂಡಿ ಕಳಚಿದರೂ ಅಂಗಡಿ ನಿಲ್ಲುತ್ತದೆ.

64-ಬಿಟ್ ವಿಂಡೋಸ್ 32-ಬಿಟ್ ಸಾಫ್ಟ್‌ವೇರನ್ನು ಓಡಿಸುತ್ತದೆ, ಆದರೆ 16-ಬಿಟ್ ಸಾಫ್ಟ್‌ವೇರನ್ನು ಓಡಿಸುವುದಿಲ್ಲ. ತೊಂಬತ್ತರ ದಶಕದ ಕೆಲವು ಸಾಫ್ಟ್‌ವೇರ್‌ಗಳು ತಾವು 32-ಬಿಟ್ ಆಗಿದ್ದರೂ ಅವುಗಳ ಇನ್‌ಸ್ಟಾಲರ್ 16-ಬಿಟ್ ಆಗಿರುತ್ತದೆ. ಸಿ.ಡಿ. ಕೈಯಲ್ಲಿದ್ದೂ ಹಾಕಿಕೊಳ್ಳಲಾಗದ ಸ್ಥಿತಿ ಅದು. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚಿನ ಯಂತ್ರ, ಸಾಫ್ಟ್‌ವೇರಿನ ಡಾಂಗಲ್ ಇವಕ್ಕೆಲ್ಲ 64-ಬಿಟ್ ಡ್ರೈವರ್ ಬೇರೆಯೇ ಬೇಕು. ಹಳೇ ಮಾದರಿಗೆ ಕಂಪನಿ ಅದನ್ನು ಮಾಡಿರದಿದ್ದರೆ ಚೆನ್ನಾಗಿರುವ ಪ್ರಿಂಟರ್ ಮೂಲೆ ಸೇರುತ್ತದೆ. ಸರ್ಕಾರಿ ಸೇವೆಗಳ ಮೀಸೇವಾ ಕೆಲಸ ಮಾಡುವವರು ಇದನ್ನು ಎರಡು ಸಲ ನೋಡಿಕೊಳ್ಳಿ. ಬೆರಳಚ್ಚಿನ ಯಂತ್ರ ನಿಂತರೆ ಪಿಂಚಣಿ ಎಂದು ಹಳ್ಳಿಯಿಂದ ಬಂದ ಮುದುಕರು ವಾಪಸು ಹೋಗಬೇಕಾಗುತ್ತದೆ.

ಇಷ್ಟೆಲ್ಲ ಪಾಡುಪಟ್ಟು ಬದಲಿಸಿದ ಮೇಲೂ ಪೇಜ್‌ಮೇಕರಿಗೆ ಸಿಗುವ ಲಾಭ ಅತ್ಯಲ್ಪ. 32-ಬಿಟ್ ಸಾಫ್ಟ್‌ವೇರ್ 64-ಬಿಟ್ ವಿಂಡೋಸಿನಲ್ಲೂ ಸಾಮಾನ್ಯವಾಗಿ 2 ಜಿಬಿಯಷ್ಟನ್ನೇ ಬಳಸಬಲ್ಲದು, ವಿಶೇಷವಾಗಿ ಕಟ್ಟಿದ್ದರೆ 4 ಜಿಬಿವರೆಗೆ. ಯಂತ್ರದಲ್ಲಿ 16 ಜಿಬಿ ತುಂಬಿದರೂ ಪೇಜ್‌ಮೇಕರಿನ ಪುಟ ಬೇಗ ತೆರೆಯುವುದಿಲ್ಲ. ಅಚ್ಚಿನ ಅಂಗಡಿಯವರಿಗೆ ನಾನು ಬೇಡ ಅನ್ನುವುದಕ್ಕೆ ಮುಖ್ಯ ಕಾರಣ ಇದು.

ಆದರೆ ಯೂನಿಕೋಡಿಗೆ ಬರುವುದನ್ನು ಅವರೂ ಮುಂದೂಡಬಾರದು. ಹಳೇ ಯಂತ್ರ ಓಡುತ್ತಿರುವಾಗಲೇ, ಫಾಂಟುಗಳು ಜಾಗದಲ್ಲಿರುವಾಗಲೇ ಪರಿವರ್ತನೆ ಮಾಡಿಕೊಳ್ಳಬೇಕು. ನುಡಿ, ಬರಹಗಳ ಹೊಸ ಆವೃತ್ತಿಗಳಲ್ಲೇ ಪರಿವರ್ತಕವಿದೆ, ಅರವಿಂದ ವಿ.ಕೆ. ಮಾಡಿದ ಉಚಿತ ಪರಿವರ್ತಕವೂ ಇದೆ. ಪರಿವರ್ತಿಸಿದ ಮೇಲೆ ಒಂದು ಸಲ ಕಣ್ಣಾಡಿಸದೆ ಬಿಡಬೇಡಿ. ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಿಗಿದಿರುತ್ತದೆ, ಎರಡು ಒತ್ತು ಬಂದಲ್ಲಿ ಒಂದು ಉದುರಿರುತ್ತದೆ, ಕನ್ನಡ ಅಂಕಿ ಇಂಗ್ಲಿಷ್ ಅಂಕಿ ಅದಲುಬದಲಾಗಿರುತ್ತವೆ. ವಚನ, ತತ್ವಪದಗಳನ್ನು ಬರೆದಿಟ್ಟಿದ್ದರೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಬಾಯಿಪಾಠ ಬಲ್ಲ ಅಜ್ಜನಿಗೆ ತಪ್ಪು ಕೂಡಲೇ ಕೇಳಿಸುತ್ತದೆ. ಪುಟದ ವಿನ್ಯಾಸ ಉಳಿಯಬೇಕಾದ ಕಡತಗಳನ್ನು ಪಿಡಿಎಫ್ ಮಾಡಿಯೂ ಇಡಿ, ಅದರೊಳಗೆ ಫಾಂಟ್ ಸೇರಿಸಿಯೇ ಇಡಿ.

ವಿಡಿಯೊ ಮಾಡುವವರಿಗೆ ಬದಲಿಸಲೇಬೇಕು ಎಂದು ಒತ್ತಿ ಹೇಳಿದ್ದಕ್ಕೆ ನಿಮ್ಮ ಊರೇ ಕಾರಣ. ಮೈಸೂರಿನಲ್ಲಿ ಹುಟ್ಟಿ ದೂರದರ್ಶನದಲ್ಲಿ ಕೆಲಸ ಮಾಡಿದ ಪಿ.ವಿ. ಸತೀಶ್ ಅವರು ಎಪ್ಪತ್ತರ ದಶಕದ ಸೈಟ್ ಪ್ರಯೋಗದಲ್ಲಿ ಹಳ್ಳಿಗರಿಗಾಗಿ ಟಿ.ವಿ. ಕಾರ್ಯಕ್ರಮ ಮಾಡಿದವರು. 1975-76ರ ಆ ಪ್ರಯೋಗದಲ್ಲಿ ಉಪಗ್ರಹದಿಂದ ಕನ್ನಡ, ತೆಲುಗು, ಒಡಿಯಾ, ಹಿಂದಿ ಕಾರ್ಯಕ್ರಮಗಳು ಆರು ರಾಜ್ಯಗಳ 2,400ರಷ್ಟು ಹಳ್ಳಿಗಳನ್ನು ಮುಟ್ಟಿದವು. ಸತೀಶ್ ಮುಂದೆ 1983ರಲ್ಲಿ ಗೆಳೆಯರೊಂದಿಗೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಪಸ್ತಾಪುರ ಅದರ ನೆಲೆಯಾಯಿತು. ಹಳ್ಳಿಯ ಬಡ ದಲಿತ ಹೆಣ್ಣುಮಕ್ಕಳು ಸಂಘ ಕಟ್ಟಿ ಜೋಳ, ನವಣೆ, ಸಜ್ಜೆಯ ಬೀಜ ಉಳಿಸಿದ್ದು ಎಲ್ಲರಿಗೂ ಗೊತ್ತು. ಅವರೇ ಕ್ಯಾಮೆರಾ ಹಿಡಿದದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಕೈಗಳು ಶೂಟಿಂಗ್, ಎಡಿಟಿಂಗ್ ಕಲಿತವು. ವರಂಗಲ್ಲಿನ ರೈತರು ಬಿಟಿ ಹತ್ತಿಯಿಂದ ಪಟ್ಟ ಪಾಡನ್ನು ಚಿತ್ರ ಮಾಡಿ ಹೊರಗಿನ ಜಗತ್ತಿಗೆ ತೋರಿಸಿದವು.

ರೇಡಿಯೊ ಕಥೆ ಇನ್ನೂ ಗಟ್ಟಿಯದು. ಸೊಸೈಟಿಯ ಮಾಚನೂರಿನ ಸ್ಟುಡಿಯೊ ತೊಂಬತ್ತರ ದಶಕದ ಕೊನೆಗೇ ಯುನೆಸ್ಕೊ ನೆರವಿನಿಂದ ಸಿದ್ಧವಾಗಿತ್ತು. ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಇಂಥ ಸಂಸ್ಥೆಗಳಿಗೆ ಪರವಾನಗಿ ಕೊಡುವ ನೀತಿ ಬಂದದ್ದು 2006ರಲ್ಲಿ. ಆ ಸ್ಟುಡಿಯೊದ ಸಂಘಂ ರೇಡಿಯೊ ಗಾಳಿಗೆ ಬಂದದ್ದು 2008ರ ಅಕ್ಟೋಬರ್ 15ರಂದು. ನಡುವಿನ ಅಷ್ಟೂ ವರ್ಷ ಆ ಅಕ್ಕಂದಿರು ಸುಮ್ಮನೆ ಕೂರಲಿಲ್ಲ. ಧ್ವನಿ ಮುದ್ರಿಸಿ ಕ್ಯಾಸೆಟ್ಟಿನಲ್ಲಿ ತುಂಬಿ ಸಂಘದ ಸಭೆಗಳಲ್ಲಿ ಕೇಳಿಸಿದರು. ಬೀಸುವ ಕಲ್ಲಿನ ಪದ, ಬಿತ್ತನೆಯ ಪದ, ಮದ್ದುಬೇರಿನ ಮಾತು ಯಾವುದೂ ಪರವಾನಗಿಗೆ ಕಾಯಲಿಲ್ಲ. ಸತೀಶ್ 2023ರ ಮಾರ್ಚ್ 19ರಂದು ತೀರಿಕೊಂಡರು. ಕ್ಯಾಮೆರಾ, ಮೈಕು ಹಿಡಿಯುವ ರೂಢಿ ನಿಮ್ಮ ಹಳ್ಳಿಗಳಲ್ಲಿ ಉಳಿದಿದೆ, ಈಗ ಫೋನಿನಲ್ಲಿ ಚಿತ್ರ ತೆಗೆದು ಲ್ಯಾಪ್‌ಟಾಪಿನಲ್ಲಿ ಜೋಡಿಸುವ ಮಕ್ಕಳೂ ಬಂದಿದ್ದಾರೆ.

ಆ ಮಕ್ಕಳಿಗೆ ಎರಡು ಲೆಕ್ಕ ಹೇಳುತ್ತೇನೆ. ಸಿ.ಡಿ. ಗುಣಮಟ್ಟದ ಒಂದು ಗಂಟೆಯ ಧ್ವನಿ ಸುಮಾರು 635 ಎಂಬಿ. ಆಡಾಸಿಟಿಯಂಥ ಸಾಫ್ಟ್‌ವೇರ್ ಕೆಲಸದ ಹೊತ್ತಿನಲ್ಲಿ ಅದನ್ನು ಇಮ್ಮಡಿ ಮಾಡಿಕೊಂಡರೂ ಹೆಚ್ಚಿನದನ್ನು ಡಿಸ್ಕಿನಲ್ಲಿ ಇಟ್ಟುಕೊಂಡೇ ನಡೆಸುತ್ತದೆ. ಹೀಗಾಗಿ ಅಜ್ಜಿಯ ಪದ ಮುದ್ರಿಸಿ ತಿದ್ದಲು ನಿಮ್ಮ ಹಳೇ ಯಂತ್ರ ಸಾಕು. ಡಿಸ್ಕಿನಲ್ಲಿ ಜಾಗವಿರಲಿ, ಮೈಕು ಒಳ್ಳೆಯದಿರಲಿ. ವಿಡಿಯೊ ಹಾಗಲ್ಲ. ಉಚಿತವಾಗಿ ಸಿಗುವ ಶಾಟ್‌ಕಟ್ ಎಡಿಟರ್ ಹೈ ಡೆಫಿನಿಷನ್ ವಿಡಿಯೊಗೆ 8 ಜಿಬಿ, 4ಕೆ ವಿಡಿಯೊಗೆ 16 ಜಿಬಿ ಕೇಳುತ್ತದೆ. ಅದಕ್ಕೆ 64-ಬಿಟ್ ವ್ಯವಸ್ಥೆಯೇ ಬೇಕು. 32-ಬಿಟ್ ವಿಂಡೋಸಿನಲ್ಲಿ ಫೋನಿನ ವಿಡಿಯೊ ಜೋಡಿಸುತ್ತ ರಾತ್ರಿಯೆಲ್ಲ ಕೂತವರ ತಾಳ್ಮೆಗೆ ನನ್ನ ಗೌರವವಿದೆ. ಆ ಹೊತ್ತನ್ನು ಚಿತ್ರಕ್ಕೆ ಕೊಡಿ, ಯಂತ್ರಕ್ಕಲ್ಲ. ನಿಮ್ಮ ಲ್ಯಾಪ್‌ಟಾಪ್ 8 ಜಿಬಿ ಒಪ್ಪುವಂತಿದ್ದರೆ ಎರಡನೇ ಮಾತಿಲ್ಲದೆ ಬದಲಿಸಿ.

ಎಲ್ಲರಿಗೂ ಸೇರಿದ ಇನ್ನೊಂದು ವಿಷಯವಿದೆ, ಅದು ಭದ್ರತೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೊಸಾಫ್ಟ್ ಬೆಂಬಲ ನಿಲ್ಲಿಸಿತು. ವಿಂಡೋಸ್ 10 ಇಟ್ಟುಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆ ತಂದಿತು. ಅದಕ್ಕೆ ನಿಮ್ಮಲ್ಲಿರುವುದು 22ಎಚ್2 ಆವೃತ್ತಿಯಾಗಿರಬೇಕು. ವಿಂಡೋಸ್ 11ರಲ್ಲಿ 32-ಬಿಟ್ ಆವೃತ್ತಿಯೇ ಇಲ್ಲ. ಜೊತೆಗೆ ಅದು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಕೇಳುತ್ತದೆ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಪ್ರೊಸೆಸರಿನಿಂದ ಈಚಿನವನ್ನೇ ಒಪ್ಪುತ್ತದೆ. ನಿಮ್ಮ ಕೈಯಲ್ಲಿರುವ 2010ರಿಂದ 2015ರ ನಡುವಿನ ಯಂತ್ರಗಳಿಗೆ ಆ ಬಾಗಿಲು ಮುಚ್ಚಿದೆ. ಹೇಗೋ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆಯನ್ನು ಮೈಕ್ರೊಸಾಫ್ಟ್ ಕೊಡುವುದಿಲ್ಲ. ಬ್ಯಾಂಕಿನ ಕೆಲಸ, ಆಧಾರಿನ ಕೆಲಸ ಮಾಡುವ ಯಂತ್ರವನ್ನು ಹಾಗೆ ಇಟ್ಟುಕೊಳ್ಳಬೇಡಿ.

ವಿಂಡೋಸಿನ ಬದಲು ಹಾಕಬಹುದಾದ ಲಿನಕ್ಸ್ ಬಗ್ಗೆ ನೀವು ಧೈರ್ಯವಾಗಿ ಯೋಚಿಸಬೇಕೆಂದು ನನ್ನ ಆಸೆ. ಲಿನಕ್ಸ್ ಮಿಂಟ್ 2 ಜಿಬಿ ಇದ್ದರೂ ಏಳುತ್ತದೆ, 4 ಜಿಬಿಯಲ್ಲಿ ಎಕ್ಸ್‌ಎಫ್‌ಸಿಇ ಆವೃತ್ತಿ ಆರಾಮಾಗಿ ಓಡುತ್ತದೆ. ದುಡ್ಡು ಕೊಡಬೇಕಿಲ್ಲ, ಅಪ್‌ಡೇಟ್ ಬರುತ್ತಿರುತ್ತದೆ. ಹಾಕುವ ಮೊದಲೇ ಪೆನ್‌ಡ್ರೈವಿನಿಂದ ನಡೆಸಿ ನೋಡಬಹುದು, ಹಳೇ ವಿಂಡೋಸಿಗೆ ಏನೂ ಆಗುವುದಿಲ್ಲ. ಕನ್ನಡ ಬರೆಯಲು ನುಡಿಯ ಕೀಲಿಮಣೆ ಅಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿದೆ, ನಿಮ್ಮ ಬೆರಳಿಗೆ ರೂಢಿಯಾದದ್ದೇ. ಗುಬ್ಬಿ, ನವಿಲು ಎಂಬ ಚೆಂದದ ಯೂನಿಕೋಡ್ ಫಾಂಟುಗಳು ಉಚಿತವಾಗಿವೆ. ಪೇಜ್‌ಮೇಕರ್, ಇನ್‌ಪೇಜ್ ನಂಬಿಕೊಂಡ ಅಂಗಡಿಗೆ ಇದು ಹೊಂದುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ, ಪತ್ರ ಬರೆಯುವವರಿಗೆ ಇದು ಸಾಕಷ್ಟಾಯಿತು. ಕೇರಳದ ಶಾಲೆಗಳು ವರ್ಷಗಳಿಂದ ಉಬುಂಟು ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲೇ ಕಂಪ್ಯೂಟರ್ ಪಾಠ ನಡೆಸುತ್ತಿವೆ, ಗಡಿಯಾಚೆ ಉಳಿದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನಿಮ್ಮ ಮಕ್ಕಳಿಗೂ ಅದು ಕಷ್ಟವಾಗದು. ಪ್ರೊಸೆಸರ್ 32-ಬಿಟ್ ಮಾತ್ರವಾಗಿದ್ದವರಿಗೆ ಇಲ್ಲಿಯೂ ದಾರಿ ಕಿರಿದಾಗುತ್ತಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಎಂಬ ಲಿನಕ್ಸ್‌ನಲ್ಲಿ 32-ಬಿಟ್ ಯಂತ್ರಕ್ಕೆ ಇನ್‌ಸ್ಟಾಲರ್ ಇಲ್ಲ. ಅಂಥ ಯಂತ್ರವನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ ಬರವಣಿಗೆಗೆ ಮಾತ್ರ ಇಟ್ಟುಕೊಳ್ಳಿ.

ಕೊಳ್ಳುವವರಿಗೆ ಎರಡು ಮಾತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ಪುಗಳು ಹರಿದುಹೋಗಿ 2025ರ ಕೊನೆಯಲ್ಲಿ ಜಗತ್ತಿನೆಲ್ಲೆಡೆ ಅದರ ಬೆಲೆ ಜಿಗಿಯಿತು. ಮೈಕ್ರಾನ್ ಕಂಪನಿ ಆ ಡಿಸೆಂಬರಿನಲ್ಲಿ ಕ್ರೂಷಿಯಲ್ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ಹಿಂದೆ ಕೇಳಿದ ಕಿಮ್ಮತ್ತು ಈಗಿಲ್ಲ, ಅದಕ್ಕೇ ಬೇಕೋ ಬೇಡವೋ ಎಂದು ಮೊದಲು ಅಳೆದುಕೊಳ್ಳಿ ಅನ್ನುತ್ತಿದ್ದೇನೆ. ಹಳೇ ಮೆಮೊರಿ ಹುಡುಕಿಕೊಂಡು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗುವವರು ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಮೆಮೊರಿ ಪಟ್ಟಿಯನ್ನೇ ಬಿಚ್ಚಿಕೊಂಡು ಒಯ್ಯಿರಿ. ಡಿಡಿಆರ್3 ಮತ್ತು ಡಿಡಿಆರ್3ಎಲ್ ಮೆಮೊರಿಗಳು ನೋಡಲು ಒಂದೇ, ಎರಡಕ್ಕೂ 204 ಪಿನ್ನು. ಆದರೆ ಮೊದಲನೆಯದಕ್ಕೆ 1.5 ವೋಲ್ಟ್ ಬೇಕು, ಎರಡನೆಯದು 1.35ರಲ್ಲೂ ನಡೆಯುತ್ತದೆ. ಈ ಬಗೆಯ ಮೆಮೊರಿ ಹಾಕುವ, 2013ರಿಂದ ಈಚಿನ ಬಹಳಷ್ಟು ತೆಳು ಲ್ಯಾಪ್‌ಟಾಪ್‌ಗಳಿಗೆ ಎಲ್ ಇರುವುದೇ ಬೇಕು. ಅಂಗಡಿಯಲ್ಲೇ ಹಾಕಿಸಿ, ಯಂತ್ರ ಎದ್ದದ್ದನ್ನು, ಪೂರ್ತಿ ಮೆಮೊರಿ ತೋರಿಸಿದ್ದನ್ನು ನೋಡಿಯೇ ರೊಕ್ಕ ಕೊಡಿ. ನಿಮ್ಮಲ್ಲಿ ಅಸಲಿ ವಿಂಡೋಸ್ 10 ಇದ್ದರೆ ಅದೇ ಲೈಸೆನ್ಸ್ ಅದೇ ಆವೃತ್ತಿಯ 64-ಬಿಟ್‌ಗೂ ಸಲ್ಲುತ್ತದೆ. 64-ಬಿಟ್ ಎಂಬ ಹೆಸರಿನಲ್ಲಿ ಇನ್ನೊಮ್ಮೆ ಲೈಸೆನ್ಸಿನ ದುಡ್ಡು ಕೊಡಬೇಡಿ, ಕಳ್ಳ ಕೀಲಿ ಹಾಕಿದ ವಿಂಡೋಸನ್ನು ಪುಕ್ಕಟೆ ಕೊಟ್ಟರೂ ಹಾಕಿಸಿಕೊಳ್ಳಬೇಡಿ.

ಗೆಳೆಯರೆ, ನಿಮ್ಮೂರಿನಲ್ಲಿ ನಾಲ್ಕಾರು ಜನ ಕೂತು ಮಾತಾಡಿಕೊಂಡರೆ ಪ್ರತಿಯೊಬ್ಬರೂ ಬೇರೆ ಬೇರೆ ಖರ್ಚು ಮಾಡಬೇಕಿಲ್ಲ. ಕೈಕೊಟ್ಟರೂ ಚಿಂತೆಯಿಲ್ಲ ಎನ್ನುವ ಒಂದು ಯಂತ್ರದಲ್ಲಿ ಮೊದಲು 64-ಬಿಟ್ ಹಾಕಿ ನಿಮ್ಮ ಪ್ರಿಂಟರು, ನಿಮ್ಮ ಕನ್ನಡ, ತೆಲುಗು, ಉರ್ದು ಸಾಫ್ಟ್‌ವೇರುಗಳನ್ನು ಎಲ್ಲರ ಪರವಾಗಿ ನಡೆಸಿ ನೋಡಿ. ಇನ್ನೊಂದು ಹಳೇ 32-ಬಿಟ್ ಯಂತ್ರವನ್ನು ಅದರ ಎಲ್ಲ ಫಾಂಟುಗಳ ಸಮೇತ, ಇಂಟರ್‌ನೆಟ್ ಇಲ್ಲದೆ, ಊರಿಗೆಲ್ಲ ಹಳೇ ಕಡತ ತೆರೆಯಲೆಂದು ಉಳಿಸಿಕೊಳ್ಳಿ. ಅದು ಯಾರ ಮನೆಯಲ್ಲಿರಬೇಕೆಂದು ನೀವೇ ಗೊತ್ತುಮಾಡಿ.

ವಿಂಡೋಸಿನ ತೀರ್ಮಾನ ಮುಂದಿನ ತಿಂಗಳು ಆದರೂ ನಡೆಯುತ್ತದೆ. ಈ ವಾರ ಮಾತ್ರ ದಯವಿಟ್ಟು ಒಂದು ಕೆಲಸ ಮಾಡಿ: ಫಾಂಟ್ಸ್ ಫೋಲ್ಡರನ್ನೂ ನಿಮ್ಮ ಕನ್ನಡ ಕಡತಗಳನ್ನೂ ಎರಡು ಬೇರೆ ಬೇರೆ ಡಿಸ್ಕಿಗೆ ಪ್ರತಿ ಮಾಡಿ, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ನಂಬಿಕಸ್ಥರ ಮನೆಯಲ್ಲಿ ಇಡಿ.

ನಿಮ್ಮವ,
ಬೀದರಿನ ಒಬ್ಬ ಕನ್ನಡಿಗ